ಖೋ-ಖೋದಲ್ಲಿ ಚೆಂಡಿಲ್ಲ

ಮೊನ್ನೆ ಬೆಳಿಗ್ಗೆ ತರಗತಿಗೆ ಕಾಲಿಟ್ಟಾಗ ಮುಂದಿನ ಬೆಂಚಿನಿಂದ ನೋವಿನ ಮುಲಾಮಿನ ವಾಸನೆ ಬಂತು. ನಾನು ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಹದಿನಾರು ಹದಿನೇಳರ ಮಕ್ಕಳ ಕೋಣೆಯಲ್ಲಿ ಸಾಮಾನ್ಯವಾಗಿ ಬರುವುದು ಬಾಡಿ ಸ್ಪ್ರೇ ವಾಸನೆ, ಇಲ್ಲವೇ ಡೆಸ್ಕಿನ ಕೆಳಗೆ ಕದ್ದು ತೆರೆದ ಡಬ್ಬಿಯ ಪುಳಿಯೋಗರೆ ವಾಸನೆ. ಮುಲಾಮು ಬಂದರೆ ಯಾರದೋ ಅಜ್ಜಿ ಬಂದು ಅಡ್ಮಿಷನ್ ಮಾಡಿಸಿಕೊಂಡ ಹಾಗೆ. ಯಾರಿಗೆ ಏನಾಯಿತು ಎಂದು ಕೇಳಿದೆ. ಪ್ರಾಕ್ಟೀಸಿನಲ್ಲಿ ಕಾಲು ಉಳುಕಿದೆ ಎಂದು ಒಬ್ಬಳು ನಾಚಿಕೊಂಡು ಹೇಳಿದಳು. ನಾನು ಬೋರ್ಡಿನ ಕಡೆ ತಿರುಗಿ ಅಂದಿನ ಪಾಠದ ಹೆಸರು ಬರೆದೆನಾದರೂ ಮನಸ್ಸು ಆಗಲೇ ರೂಪಾಳ ಕಾಲಿನ ಹತ್ತಿರ ಹೋಗಿ ಕೂತಿತ್ತು.

ರೂಪಾ ಯಾರೆಂದು ಹೇಳುವ ಮೊದಲು ನಾನು ಯಾರಾಗಿದ್ದೆ ಎಂದು ಹೇಳಬೇಕು. ಜಯನಗರದಲ್ಲಿ ಮನೆ, ಅಪ್ಪನಿಗೆ ಇನ್ಶೂರೆನ್ಸ್ ಆಫೀಸು, ಅಮ್ಮನಿಗೆ ಬ್ಯಾಂಕು. ನಮ್ಮ ಮನೆಯಲ್ಲಿ ಜೀವನದ ಗುರಿ ಎನ್ನುವುದು ಹಲ್ಲುಜ್ಜುವ ಬ್ರಷ್ಷಿನ ಹಾಗೆ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಇರಬೇಕು, ಆಗಾಗ ಬದಲಾಯಿಸುತ್ತಲೂ ಇರಬೇಕು. ಚಿಕ್ಕವಳಿದ್ದಾಗ ನಾನು ಪೈಲಟ್ ಆಗುವವಳಿದ್ದೆ. ಜೈಂಟ್ ವೀಲಿನಲ್ಲಿ ವಾಂತಿ ಮಾಡಿಕೊಂಡ ದಿನ ಆ ಗುರಿ ಇಳಿದುಹೋಯಿತು. ಆಮೇಲೆ ಪಶುವೈದ್ಯೆ. ಬೀದಿ ನಾಯಿಯೊಂದು ನನ್ನ ಕರುಣೆಯನ್ನು ತಪ್ಪು ತಿಳಿದುಕೊಳ್ಳುವವರೆಗೆ ಅದೂ ಇತ್ತು. ಮೊದಲ ಪಿಯುಸಿಗೆ ಬರುವ ಹೊತ್ತಿಗೆ ನಾನು ಡಿಸಿ ಆಗುವುದೆಂದು ತೀರ್ಮಾನವಾಗಿತ್ತು. ಕಾರಣ ಇಷ್ಟೆ: ಯಾವುದೋ ನೆಂಟರ ಮದುವೆಗೆ ಒಬ್ಬರು ಡಿಸಿ ಬಂದಿದ್ದರು. ಅವರು ಒಳಗೆ ಬಂದಾಗ ಎಲೆ ಮುಂದೆ ಕೂತಿದ್ದವರೂ ಎದ್ದು ನಿಂತರು. ಜನರನ್ನು ಪಾಯಸದಿಂದ ಎಬ್ಬಿಸುವ ಹುದ್ದೆಗಿಂತ ದೊಡ್ಡದು ಲೋಕದಲ್ಲಿ ಇನ್ನೇನಿದ್ದೀತು ಎಂದು ನನಗನ್ನಿಸಿತ್ತು.

ರೂಪಾ ನನ್ನ ಸಹಪಾಠಿ. ಮನೆ ಸಿದ್ದಾಪುರದಲ್ಲಿ. ತಂದೆ ಆಟೋ ಓಡಿಸುತ್ತಿದ್ದರು, ತಾಯಿ ಬ್ಲೌಸ್ ಹೊಲಿಯುತ್ತಿದ್ದರು. ಅವಳ ಗುರಿ ಒಂದೇ, ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಆಗುವುದು. ಅಲ್ಲಿಗೆ ಹೋಗುವ ದಾರಿಯನ್ನೂ ಅವಳು ಬಸ್ ಸ್ಟಾಪುಗಳನ್ನು ಹೇಳುವ ಹಾಗೆ ಹೇಳುತ್ತಿದ್ದಳು: ಖೋ-ಖೋ, ಡಿಸ್ಟ್ರಿಕ್ಟ್ ಟೀಮು, ಸ್ಟೇಟ್ ಟೀಮು, ಸ್ಪೋರ್ಟ್ಸ್ ಕೋಟಾ, ಖಾಕಿ. ನಾನು ಅವಳ ತಂಡದಲ್ಲಿದ್ದೆ ಎಂದರೆ ನೀವು ನನ್ನನ್ನು ಓಟಗಾರ್ತಿ ಎಂದುಕೊಳ್ಳಬಾರದು. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಒಬ್ಬರು ಓಡುತ್ತಾರೆ, ಉಳಿದವರು ಸಾಲಾಗಿ ಕೂತಿರುತ್ತಾರೆ, ಬೆನ್ನು ತಟ್ಟಿ ಖೋ ಅಂದಾಗ ಮಾತ್ರ ಏಳಬೇಕು. ಕೂತವರನ್ನೂ ಆಟಗಾರರೆಂದು ಒಪ್ಪಿದ ಪುಣ್ಯಾತ್ಮರಿಗೆ ನಾನು ಋಣಿ. ನನ್ನ ಬೆನ್ನು ತಟ್ಟುವ ಪ್ರಸಂಗವನ್ನು ರೂಪಾ ಆದಷ್ಟು ತಪ್ಪಿಸುತ್ತಿದ್ದಳು.

ನಮ್ಮ ಕಾಲೇಜಿಗೆ ಮೈದಾನ ಇರಲಿಲ್ಲ, ಪಾರ್ಕಿಂಗ್ ಇತ್ತು. ಹಾಗಾಗಿ ಸಾಯಂಕಾಲ ಜಯನಗರಕ್ಕೂ ಸಿದ್ದಾಪುರಕ್ಕೂ ನಡುವೆ ಇದ್ದ ಪಾಲಿಕೆಯ ಒಂದು ಸಣ್ಣ ಮೈದಾನದಲ್ಲಿ ಆಡುತ್ತಿದ್ದೆವು. ನಮ್ಮ ಪಿಟಿ ಮೇಡಂ ಓಡಾಡಿ ಎರಡು ಮರದ ಕಂಬ ನೆಡಿಸಿದ್ದರು. ದಸರಾ ರಜೆ ಮುಗಿಸಿ ಬಂದು ನೋಡಿದರೆ ಕಂಬಗಳಿಲ್ಲ. ಗೇಟಿನ ಪಕ್ಕ ಹೊಸ ಬೋರ್ಡು: ಇದು ವಾಯುವಿಹಾರಿಗಳಿಗೆ ಮಾತ್ರ, ಯಾವುದೇ ಆಟ ಆಡಬಾರದು.

ರೂಪಾಳಿಗೆ ಅದು ಬರೀ ಬೋರ್ಡಾಗಿರಲಿಲ್ಲ. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಿತ್ತು. ಈ ವರ್ಷ ಸೆಲೆಕ್ಟ್ ಆದರೆ ಸರಿ, ಇಲ್ಲದಿದ್ದರೆ ಆಟ ಬಿಟ್ಟು ಸಾಯಂಕಾಲ ಸೋದರಮಾವನ ಫ್ಯಾನ್ಸಿ ಸ್ಟೋರಿನಲ್ಲಿ ಕೂರಬೇಕೆಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಅವರು ಕೆಟ್ಟವರಲ್ಲ. ಓಡಿ ಓಡಿ ಮಗಳು ಎಲ್ಲಿ ತಲುಪುತ್ತಾಳೆಂದು ಅವರಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ನಾನು ಭಾವಿ ಡಿಸಿ. ಸುಮ್ಮನಿರಲಾದೀತೆ. ರೂಪಾಳನ್ನು ಕರೆದುಕೊಂಡು ಕಾರ್ಪೊರೇಟರ್ ಕಚೇರಿಗೆ ಹೋದೆ. ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದುಕೊಟ್ಟಿದ್ದ ಕನ್ನಡವನ್ನೆಲ್ಲ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ. ‘ಮಾನ್ಯರೇ, ಯುವಶಕ್ತಿಯೇ ರಾಷ್ಟ್ರಶಕ್ತಿ’ ಎಂದು ಶುರು ಮಾಡಿದೆ. ಅವರು ಮುಗಿಯುವವರೆಗೂ ಕೇಳಿದರು. ಅವತ್ತು ಅಲ್ಲಿ ಯಾರದೋ ಹುಟ್ಟುಹಬ್ಬ. ನಮಗೆ ಒಂದೊಂದು ಲಾಡು ಕೊಡಿಸಿ, ಮಾಡಿಸೋಣಮ್ಮ ಅಂದರು. ನಾನು ಗೆದ್ದೆನೆಂದು ಲಾಡು ತಿನ್ನುತ್ತಾ ಮನೆಗೆ ಬಂದೆ. ದಿನಗಳು ಕಳೆದವು, ಬೋರ್ಡು ಕದಲಲಿಲ್ಲ. ಮೈದಾನದಲ್ಲಿ ವಾಕಿಂಗ್ ಮಾಡುವ ಹಿರಿಯರಿಗೂ ಅವರು ಮಾಡಿಸೋಣ ಅಂದೇ ಹೇಳಿದ್ದಾರೆಂದು ಆಮೇಲೆ ಗೊತ್ತಾಯಿತು. ಅಪ್ಪ ಪೇಪರಿನಿಂದ ತಲೆ ಎತ್ತದೆ, ‘ಮಾಡಿಸೋಣ ಅನ್ನೋದು ಕ್ರಿಯಾಪದ ಅಲ್ಲ ಕಣೆ, ಆಶೀರ್ವಾದ’ ಅಂದರು.

ರಾಜಕೀಯವೇ ಹೊಲಸು, ಇವರ ಸಹವಾಸವೇ ಬೇಡ ಎಂದು ಮಾರನೆಯ ದಿನ ನಾನು ರೂಪಾಳ ಮುಂದೆ ಘೋಷಿಸಿದೆ. ಅವಳು ಶೂ ಲೇಸ್ ಕಟ್ಟುತ್ತಿದ್ದಳು.

‘ನಿಂಗೆ ಬೇಜಾರಾದ್ರೆ ನೀನು ಮನೇಗ್ ಹೋಗ್ತೀಯ,’ ಅಂದಳು. ‘ನಾನೆಲ್ಲಿಗ್ ಹೋಗ್ಲಿ?’

ಕೋಪದಿಂದ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಅವತ್ತಿನಿಂದ ನಾನು ಆ ಹೊಲಸು ಎಂಬ ಮಾತನ್ನು ಆಡಿಲ್ಲ.

ಬೋರ್ಡು ಹಾಕಿಸಿದವರನ್ನೇ ಹೋಗಿ ಕೇಳೋಣ ಎಂದದ್ದು ರೂಪಾ. ಅವರು ಶ್ಯಾಮರಾಯರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಮೈದಾನದ ವಾಕಿಂಗ್ ಬಳಗದ ಕಾರ್ಯದರ್ಶಿಯಾಗಿದ್ದವರು. ಮಂಕಿ ಟೋಪಿ, ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಮಡಿಸಿದ ಕೊಡೆ. ಅವರು ನಮ್ಮನ್ನು ಬೈಯಲಿಲ್ಲ. ಹುಡುಗರು ಹೊಡೆದ ಕ್ರಿಕೆಟ್ ಚೆಂಡು ಬಡಿದು ಅವರ ಹೆಂಡತಿಯ ಕೈ ಮುರಿದಿತ್ತಂತೆ, ಆಕೆ ಮತ್ತೆ ಮೈದಾನಕ್ಕೇ ಬಂದಿಲ್ಲವಂತೆ. ಇದನ್ನು ಹೇಳುವಾಗ ಅವರು ಕೊಡೆಯ ತುದಿಯಿಂದ ಮಣ್ಣನ್ನು ಕೆದಕುತ್ತಿದ್ದರು.

‘ಸಾರ್, ಖೋ-ಖೋದಲ್ಲಿ ಚೆಂಡೇ ಇಲ್ಲ,’ ಅಂದಳು ರೂಪಾ.

ಶ್ಯಾಮರಾಯರ ಕೊಡೆ ಮಣ್ಣಿನಲ್ಲೇ ನಿಂತಿತು. ಅವರಿಗೆ ಅದು ಹೊಳೆದೇ ಇರಲಿಲ್ಲ. ನೀವು ಹೇಳುವುದು ನಿಜ, ಆದರೆ ನಿಮಗೆ ಬಿಟ್ಟರೆ ನಾಳೆ ಆ ಹುಡುಗರೂ ಬರುತ್ತಾರೆ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೇಗೆ ಹೇಳಲಿ ಅಂದರು. ಮನೆಗೆ ನಡೆದು ಬರುವಾಗ ಆ ಮಾತು ತಲೆಯಲ್ಲಿ ತಿರುಗಿತು. ಅವರು ನಮ್ಮ ವಿರೋಧಿಯಾಗಿರಲಿಲ್ಲ. ಅವರಿಗೆ ಒಂದು ಭಯ ಇತ್ತು, ಜೊತೆಗೊಂದು ನ್ಯಾಯವೂ ಇತ್ತು. ಎದುರಿಗಿರುವವರಿಗೂ ನ್ಯಾಯವಿರಬಹುದು ಎನ್ನುವುದನ್ನು ಚರ್ಚಾಸ್ಪರ್ಧೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ಆ ಹುಡುಗರನ್ನೂ ಸೇರಿಸಿಕೊಳ್ಳಬೇಕು ಎಂದು ನಾನು ಹೇಳಿದೆ. ರೂಪಾ ಮೊದಲು ಒಪ್ಪಲೇ ಇಲ್ಲ. ನಮ್ಮ ಓಟವನ್ನು ನೋಡಿ ನಕ್ಕವರು, ಕಂಬಕ್ಕೆ ಟವೆಲ್ ನೇತುಹಾಕಿದವರು, ಅವರಿಗಾಗಿ ನಾವು ಯಾಕೆ ಕೇಳಬೇಕು ಎಂದು ಅವಳ ವಾದ. ಅವರಿಗಾಗಿ ಕೇಳದಿದ್ದರೆ ನಮಗೂ ಸಿಗುವುದಿಲ್ಲ ಎಂದು ನನ್ನ ವಾದ. ಕೊನೆಗೆ ಬೇಕರಿ ಮುಂದೆ ನಿಂತಿದ್ದ ಆ ಗುಂಪಿನ ನಾಯಕ ಕಿರಣನ ಹತ್ತಿರ ಹೋದೆವು. ಅವನು ಮೊದಲು, ‘ಏನ್ ಗುರು, ಲೇಡಿ ಕ್ಯಾಪ್ಟನ್ಸ್ ಬಂದವ್ರೆ’ ಅಂದ. ರೂಪಾ ನೋಡಿದ ನೋಟಕ್ಕೆ ಪಫ್ಸ್ ಕೆಳಗಿಟ್ಟ. ಲೆದರ್ ಬಾಲು ಬಿಟ್ಟು ಟೆನಿಸ್ ಬಾಲಿನಲ್ಲಿ ಆಡಬೇಕು, ಗೋಡೆಯ ಕಡೆಗೇ ಹೊಡೆಯಬೇಕು ಎಂದು ನಾವು ಹೇಳಿದೆವು. ಅವರೂ ಮೈದಾನವಿಲ್ಲದೆ ರಸ್ತೆಯಲ್ಲಿ ಆಡಿ ಬೈಸಿಕೊಂಡು ಸುಸ್ತಾಗಿದ್ದರು. ಒಪ್ಪಿದರು.

ಇನ್ನು ಉಳಿದದ್ದು ವಾರ್ಡ್ ಸಭೆ. ಊರಿನ ಚರಂಡಿ, ಕಸ, ದೀಪಗಳ ದೂರನ್ನು ಕೇಳುವ ಸಭೆ. ಯಾರು ಬೇಕಾದರೂ ಹೋಗಬಹುದೆಂದು ಗೊತ್ತಿದ್ದೂ ಯಾರೂ ಹೋಗುತ್ತಿರಲಿಲ್ಲ. ರೂಪಾಳ ತಾಯಿಗೆ ವಿಷಯ ಹೇಳಿದಾಗ ಆಕೆ ಹೊಲಿಗೆ ನಿಲ್ಲಿಸಿ, ಕತ್ತಲಾದರೆ ಆ ಮೈದಾನದ ಪಕ್ಕ ನಡೆಯೋಕೂ ಭಯ, ಒಂದು ಲೈಟ್ ಕೇಳಿ ಅಂದರು. ಕೇಳುವುದಾದರೆ ನೀವೇ ಬಂದು ಕೇಳಿ ಎಂದೆ. ಬಂದರು. ಬೀದಿಯ ಹೆಂಗಸರನ್ನೂ ಕರೆತಂದರು. ನನ್ನ ಅಮ್ಮ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದಳು. ನಾನು ಆವರೆಗೆ ಕಂಡಿರದ ಸಂಗತಿ ಅದು.

ಸಭೆಯಲ್ಲಿ ಚರಂಡಿಯ ಮಾತು ತುಂಬಾ ಹೊತ್ತು ನಡೆಯಿತು. ನಮ್ಮ ಸರದಿ ಬಂದಾಗ ನಾನು ಎದ್ದು ನಿಂತೆ, ಇಸ್ತ್ರಿ ಮಾಡಿದ ಕನ್ನಡವೆಲ್ಲ ಎಲ್ಲೋ ಹೋಗಿಬಿಟ್ಟಿತು. ಯುವಶಕ್ತಿ ಎಂದಷ್ಟೇ ಹೇಳಿ ನಿಂತೆ. ಕಾರ್ಪೊರೇಟರ್ ಪಕ್ಕದಲ್ಲಿದ್ದ ಒಬ್ಬ ಅಧಿಕಾರಿ, ‘ವೋಟರ್ ಐಡಿ ಇದೆಯೇನಮ್ಮ ನಿಮಗೆ?’ ಎಂದು ಕೇಳಿದರು. ಸಭೆಯಲ್ಲಿ ನಗು ಎದ್ದಿತು. ಆಗ ರೂಪಾ ಎದ್ದಳು. ಧ್ವನಿ ಏರಿಸಲಿಲ್ಲ.

‘ಇಲ್ಲ ಸಾರ್. ವೋಟಿರೋರ ಮನೆಗೆ ನೀವೇ ಬರ್ತೀರ. ನಮಗಿಲ್ಲ, ಅದಕ್ಕೇ ನಾವೇ ಬಂದ್ವಿ.’

ನಗು ನಿಂತಿತು. ಹಿಂದಿನ ಸಾಲಿನ ಹೆಂಗಸರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಕಾರ್ಪೊರೇಟರ್ ನಿಧಾನವಾಗಿ ಸಭೆಯ ಕಡೆ ನೋಡಿದರು: ತಾಯಂದಿರು, ಗೋಡೆಗೆ ಒರಗಿ ನಿಂತ ಕ್ರಿಕೆಟ್ ಹುಡುಗರು, ಮುಂದೆ ಕೊಡೆ ಹಿಡಿದ ಶ್ಯಾಮರಾಯರು. ರೂಪಾ ಮುಂದುವರಿಸಿದಳು. ಬೆಳಿಗ್ಗೆ ಹಿರಿಯರಿಗೆ, ಸಾಯಂಕಾಲ ನಾಲ್ಕರಿಂದ ಆರು ನಮಗೂ ಹುಡುಗರಿಗೂ, ಆರರ ಮೇಲೆ ಮತ್ತೆ ನಡೆಯುವವರಿಗೆ, ಅವರಿಗಾಗಿ ದೀಪ. ಚೆಂಡು ಯಾರಿಗಾದರೂ ತಗುಲಿದರೆ ಜವಾಬ್ದಾರಿ ಯಾರದೆಂದು ಶ್ಯಾಮರಾಯರು ಕೇಳಿದರು. ಕಿರಣ ಕೈ ಎತ್ತಿ, ನಂದು ಸಾರ್ ಅಂದ. ಶ್ಯಾಮರಾಯರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಕಾರ್ಪೊರೇಟರ್ ಕಡೆ ತಿರುಗಿ, ನಮ್ಮದೇನೂ ಆಕ್ಷೇಪಣೆ ಇಲ್ಲ, ಆದರೆ ದೀಪ ಮೊದಲು ಬರಲಿ ಅಂದರು.

ಈ ಸಲ ಕಾರ್ಪೊರೇಟರ್ ಮಾಡಿಸೋಣ ಅನ್ನಲಿಲ್ಲ. ಪಕ್ಕದ ಇಂಜಿನಿಯರನ್ನು, ಯಾವಾಗ ಆಗುತ್ತೆ ಹೇಳಿ ಎಂದು ಕೇಳಿದರು. ಎಲ್ಲರೆದುರು ಇಂಜಿನಿಯರ್ ಹೇಳಲೇಬೇಕಾಯಿತು.

ಹೊರಗೆ ಬಂದು ನಾವು ಕುಣಿದೆವು. ನಾನೂ, ರೂಪಾಳೂ, ನಾಚಿಕೆ ಬಿಟ್ಟು ಕಿರಣನ ಗುಂಪೂ. ರೂಪಾಳ ತಾಯಿ ನನ್ನ ಅಮ್ಮನ ಕೈ ಹಿಡಿದು ಏನೋ ಹೇಳಿ ನಗುತ್ತಿದ್ದರು. ಹುಡುಗರಿಗೆ ಇಡೀ ಮೈದಾನ ಸಿಗಲಿಲ್ಲ, ಹಿರಿಯರಿಗೆ ಇಡೀ ದಿನ ಸಿಗಲಿಲ್ಲ, ನಮಗೂ ಮೊದಲಿನಷ್ಟು ಹೊತ್ತು ಸಿಗಲಿಲ್ಲ. ಆದರೂ ಯಾರೂ ಸೋತ ಮುಖದಲ್ಲಿ ಮನೆಗೆ ಹೋಗಲಿಲ್ಲ. ಆ ವಯಸ್ಸಿಗೆ ನನಗೆ ಹೆಸರಿಡಲು ಬರಲಿಲ್ಲ, ಆದರೆ ರಾಜಕೀಯ ಎಂಬುದರ ಮುಖವನ್ನು ನಾನು ಮೊದಲು ನೋಡಿದ್ದು ಅಲ್ಲೇ.

ದೀಪ ಬಂತು. ಹೊಸ ಕಂಬಗಳು ಬಂದವು. ಶ್ಯಾಮರಾಯರು ತಮ್ಮ ಸಮಯವಲ್ಲದಿದ್ದರೂ ನಾಲ್ಕಕ್ಕೇ ಬಂದು ಬೆಂಚಿನ ಮೇಲೆ ಕೂರತೊಡಗಿದರು. ವಾರ ಕಳೆಯುವುದರೊಳಗೆ ನಿಯಮಗಳನ್ನೆಲ್ಲ ಕಲಿತು, ರೂಪಾ ಬಾಯಿ ತೆರೆಯುವ ಮೊದಲೇ ತಾವು ಖೋ ಅನ್ನುತ್ತಿದ್ದರು. ಅವರ ಕೂಗಿಗೆ ನಾನು ಎದ್ದು ಓಡಿ ಫೌಲ್ ಆದದ್ದೂ ಉಂಟು. ಒಂದು ಸಂಜೆ ಅವರ ಹೆಂಡತಿಯೂ ಜೊತೆಗೆ ಬಂದರು. ಕಿರಣ ಓಡಿಹೋಗಿ ಬೆಂಚಿನ ಧೂಳು ಒರೆಸಿದ.

ಆಯ್ಕೆಯ ದಿನ ರೂಪಾಳ ಪಾದ ಉಳುಕಿತ್ತು. ಮುಲಾಮು ತಿಕ್ಕಿ, ಬಟ್ಟೆ ಸುತ್ತಿಕೊಂಡೇ ಇಳಿದಳು. ಆಟೋ ಗೇಟಿನ ಹೊರಗೆ ನಿಲ್ಲಿಸಿ ಅವಳ ಅಪ್ಪ ಒಳಗೆ ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ಕೊನೆಯ ಓಟಗಾರ್ತಿ ಕಂಬದ ಹತ್ತಿರ ತಿರುಗುವಾಗ ರೂಪಾ ಇಡೀ ಮೈಯನ್ನು ಗಾಳಿಗೆ ಎಸೆದು ಅವಳ ಹಿಮ್ಮಡಿ ಮುಟ್ಟಿದಳು. ಕೆಂಪು ಮಣ್ಣಿನಲ್ಲಿ ಉದ್ದಕ್ಕೆ ಬಿದ್ದವಳು ಏಳುವ ಮೊದಲೇ ಆಯ್ಕೆದಾರರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಹೆಸರು ಕರೆದಾಗ ಅವಳಪ್ಪ ಕಣ್ಣೊರೆಸಿಕೊಂಡು, ಧೂಳು ಜಾಸ್ತಿ ಇದೆ ಇಲ್ಲಿ ಅಂದರು. ಫ್ಯಾನ್ಸಿ ಸ್ಟೋರಿನ ಮಾತು ಮತ್ತೆ ಬರಲಿಲ್ಲ.

ಅವಳು ತನ್ನ ಸ್ಟಾಪುಗಳನ್ನೆಲ್ಲ ಒಂದೊಂದಾಗಿ ದಾಟಿದಳು. ಖಾಕಿ ಹಾಕಿದ ಮೊದಲ ವಾರವೇ ನಮ್ಮ ಮನೆಗೆ ಬಂದಾಗ, ನನ್ನ ಅಮ್ಮ ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆಲ್ಟು ಟೈಟಾಗಲ್ವೇನೇ ಎಂದು ಕೇಳಿದಳು. ನಾನು ಡಿಸಿ ಆಗಲಿಲ್ಲ. ಆ ಸಭೆಯಾದ ಮೇಲೆ ಜನರನ್ನು ಎಬ್ಬಿಸಿ ನಿಲ್ಲಿಸುವವರಿಗಿಂತ ಜನರ ಜೊತೆ ಕೂತು ಮಾತಾಡುವವರಲ್ಲೇ ನನಗೆ ಆಸಕ್ತಿ ಹುಟ್ಟಿ ರಾಜ್ಯಶಾಸ್ತ್ರ ಓದಿದೆ. ಪಾಠ ಮಾಡುತ್ತಾ ಮಾಡುತ್ತಾ ಅದೂ ಅಂಕಗಳ ವಿಷಯವಾಗಿಹೋಯಿತು. ಸ್ಥಳೀಯ ಸರ್ಕಾರದ ಅಧ್ಯಾಯವನ್ನು ಪ್ರತಿವರ್ಷ ನಾನೇ ಆಕಳಿಸುತ್ತಾ ಮುಗಿಸುತ್ತಿದ್ದೆ.

ಈ ವರ್ಷ, ಆ ಮುಲಾಮಿನ ವಾಸನೆ ಬಂದ ಮೇಲೆ, ಪುಸ್ತಕ ತೆಗೆಯಲಿಲ್ಲ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಇಡೀ ತರಗತಿಯನ್ನು ನಿನ್ನೆ ನಮ್ಮ ಕಾಲೇಜು ಇರುವ ವಾರ್ಡಿನ ಸಭೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಕ್ಕಳು ಕಾಲೇಜಿನ ಮುಂದೆ ಬಸ್ಸು ನಿಲ್ಲದಿರುವುದರ ಬಗ್ಗೆ ಏನು ಹೇಳಬೇಕು, ಯಾರು ಹೇಳಬೇಕು ಎಂದು ಜಗಳವಾಡುತ್ತಿದ್ದರು. ನಾನು ಬಾಯಿ ಹಾಕಲಿಲ್ಲ. ಈಗ ಕಾರ್ಪೊರೇಟರುಗಳಿಲ್ಲ, ಅಧಿಕಾರಿಗಳೇ ಸಭೆ ನಡೆಸುತ್ತಾರೆ. ಅಷ್ಟು ಯೂನಿಫಾರ್ಮ್‌ಗಳನ್ನು ಒಟ್ಟಿಗೆ ಕಂಡು ಗಾಬರಿಯಾದ ಒಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ, ‘ಮೇಡಂ, ಮುಂದಿನ ಸಾಲು ಸಾರ್ವಜನಿಕರಿಗೆ. ಮಕ್ಕಳನ್ನ ಹಿಂದೆ ಕೂರಿಸ್ತೀರಾ?’ ಎಂದು ಕೇಳಿದರು.

ನಾನು ತಿರುಗಿ ನೋಡಿದೆ. ಮಕ್ಕಳು ಆಗಲೇ ಮುಂದಿನ ಸಾಲಿನಲ್ಲಿ ಕೂತು ಮೈಕಿಗೆ ಕೈ ಚಾಚಿದ್ದರು.

‘ಅಲ್ಲಿ ಕೂತಿರೋರೂ ಸಾರ್ವಜನಿಕರೇ ಸಾರ್,’ ಅಂದೆ.