ಅಪ್ಪ ಅಕ್ಕನನ್ನು ಕೇಳಿದ ದಿನ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮಳೆಗೆ ಬೈಯುವ ಅಧಿಕಾರ ಅಜ್ಜನಿಗೆ ಮಾತ್ರ ಇತ್ತು. ಆ ದಿನ ಬೆಳಿಗ್ಗೆ ಅವರು ಅದನ್ನು ಧಾರಾಳವಾಗಿಯೇ ಬಳಸಿಕೊಂಡರು. ಹಿಂದಿನ ಸಂಜೆ ಮೂಡಿಗೆರೆ ಸುತ್ತ ಹೂಮಳೆ ಬಂದಿತ್ತು. ಬೇಸಿಗೆಯಲ್ಲಿ ಈ ಒಂದು ಮಳೆ ಬಿದ್ದರೇ ಕಾಫಿ ಗಿಡ ಹೂವಾಗುವುದು, ಅದಕ್ಕೇ ಆ ಹೆಸರು. ಆದರೆ ಬಂದ ಮಳೆ ಅಂಗಳದ ಧೂಳು ಅಡಗಿಸಿ ಹೊರಟುಹೋಗಿತ್ತು. ಬಾರದೇ ಇದ್ದಿದ್ದರೂ ವಾಸಿಯಿತ್ತು. ಅರೆಬರೆ ಬಂದರೆ ಮೊಗ್ಗು ಎಚ್ಚರಾಗಿ, ಬಾಯಾರಿ, ಒಣಗಿ ಉದುರುತ್ತದೆ. ಉಳಿದ ನೀರನ್ನು ತಡಮಾಡದೆ ನಾವೇ ಕೊಡಬೇಕು. ಇಲ್ಲದಿದ್ದರೆ ಆ ವರ್ಷ ಫಸಲಿಲ್ಲ.

ಅದೇ ದಿನ ಅಕ್ಕನನ್ನು ನೋಡಲು ಕಳಸದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಪ್ಪ ಚಿಕ್ಕಮಗಳೂರಿನಲ್ಲಿ ಸರ್ಕಾರಿ ಎಂಜಿನಿಯರ್. ರಸ್ತೆ, ಸೇತುವೆ ಕಟ್ಟಿಸುವ ಕೆಲಸ. ಅಕ್ಕನಿಗಾಗಿಯೇ ರಜೆ ಹಾಕಿ ಬಂದು, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕುಳಿತಿದ್ದರು. ಕೆರೆಯ ಪಂಪು ನೀರೆತ್ತುತ್ತಿಲ್ಲ ಎಂದು ತೋಟದ ಮೇಸ್ತ್ರಿ ಓಡಿ ಬಂದು ಹೇಳಿದ್ದೇ ತಡ, ಎದ್ದು ನಿಂತರು. ಅಮ್ಮ ಅಡ್ಡ ಬಂದಳು.

“ಇವತ್ತೊಂದು ದಿನ ಎಂಜಿನಿಯರ್ ಆಗ್ಬೇಡಿ. ಅವಳಿಗೆ ಅಪ್ಪ ಆಗಿದ್ರೆ ಸಾಕು.”

“ಐದು ನಿಮಿಷದ ಕೆಲಸ, ಬಂದೆ,” ಎಂದು ಅಪ್ಪ ಹೊರಟರು. ಅಪ್ಪನ ಐದು ನಿಮಿಷ ಎಂಥದ್ದೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು.

ಅಕ್ಕ ಒಳಗಿನ ಕೋಣೆಯಲ್ಲಿ ಕನಕಾಂಬರ ಮುಡಿದು ಕುಳಿತಿದ್ದಳು. ಹುಡುಗ ಹೇಗಿರಬಹುದು ಎಂದು ಕಾಡಿಸಿದೆ. ಅವಳು ನಗಲಿಲ್ಲ. “ಹ್ಯಾಗಿದ್ರೆ ಎಂತ ಮಾರಾಯ್ತಿ? ಅವರು ನೋಡ್ತಾರೆ, ಅವರು ಒಪ್ತಾರೆ, ಅಜ್ಜ ತಲೆ ಆಡಿಸ್ತಾರೆ. ನನ್ನ ಯಾರು ಕೇಳ್ತಾರೆ?” ನಿಜವೇ. ಆಗ ಹೆಣ್ಣುಮಕ್ಕಳನ್ನು ಕೇಳುವ ಪದ್ಧತಿ ಇರಲಿಲ್ಲ. ಅಮ್ಮನನ್ನೂ ಕೇಳಿರಲಿಲ್ಲ, ಅತ್ತೆಯರನ್ನೂ ಕೇಳಿರಲಿಲ್ಲ. “ಅಪ್ಪನಾದ್ರೂ ಹತ್ರ ಇರ್ತಾರೆ ಅಂದ್ಕೊಂಡಿದ್ದೆ,” ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಅಪ್ಪನ ಮೇಲೆ ಸಿಟ್ಟು ನೆತ್ತಿಗೇರಿತು. ಎಳೆದುಕೊಂಡೇ ಬರುತ್ತೇನೆಂದು ಕೆರೆಗೆ ಓಡಿದೆ.

ಅಲ್ಲಿ ಅಪ್ಪ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಸುತ್ತಲೂ ಡೀಸೆಲ್ ವಾಸನೆ. ಕೆರೆಗೆ ಇಳಿಬಿಟ್ಟ ಪೈಪಿನ ಬುಡದಲ್ಲಿ ವಾಲ್ವು ಸೋರುತ್ತಿತ್ತು, ಎಷ್ಟು ನೀರು ತುಂಬಿದರೂ ನಿಲ್ಲುತ್ತಿರಲಿಲ್ಲ. ಪೈಪು ತುಂಬಿದ್ದರೇ ಪಂಪು ನೀರೆತ್ತುವುದು. ಅಪ್ಪ ಸಗಣಿ ಕದಡಿ ಪೈಪಿಗೆ ಹೊಯ್ಯುತ್ತಿದ್ದರು. ಸಗಣಿಯ ನಾರು ಸಂದಿನಲ್ಲಿ ಕೂತರೆ ಸೋರುವುದು ನಿಲ್ಲುತ್ತದೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈಗೆ ಬಕೆಟ್ ಬಂತು. “ಕೊಟ್ಟಿಗೆಯಿಂದ ಇನ್ನಷ್ಟು ತಗೊಂಡ್ಬಾ ಪುಟ್ಟಿ.” ಮುಖ ಊದಿಸಿಕೊಂಡೇ ತಂದುಕೊಟ್ಟೆ.

ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಜೀಪು ನಿಂತಿತು. ಕಳಸದವರು ಬಂದೇಬಿಟ್ಟಿದ್ದರು! ಅಪ್ಪ ಸಗಣಿಯ ಕೈಗಳನ್ನೇ ಜೋಡಿಸಿದರು. “ತಪ್ಪು ತಿಳ್ಕೋಬೇಡಿ. ನಿನ್ನೆ ಮಳೆ ಅರ್ಧಕ್ಕೇ ಕೈಕೊಡ್ತು.”

ಗಂಡಿನ ತಂದೆಯೂ ಕಾಫಿ ಬೆಳೆಗಾರರೇ. “ಮೊಗ್ಗು ಒಣಗ್ಲಿಕ್ಕೆ ಬಿಟ್ಟು ನೀವು ಜಗಲೀಲಿ ನಮ್ಮನ್ನ ಕಾಯ್ತಾ ಕೂತಿದ್ರೆ ನಾನು ಜೀಪು ತಿರುಗಿಸ್ತಿದ್ದೆ,” ಎಂದು ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಹುಡುಗ ಪ್ಯಾಂಟು ಮಡಚಿ ಎಂಜಿನ್ನಿನ ಹ್ಯಾಂಡಲ್ ತಿರುಗಿಸಿದ. ಎಂಜಿನ್ನು ಡುಗುಡುಗು ಅಂದಿತು, ಪೈಪುಗಳು ಕೆಮ್ಮಿದವು, ಗಿಡಗಳ ಮೇಲೆ ನೀರು ಚಿಮ್ಮಿತು. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ನಾನು ಸಿಟ್ಟು ಮರೆತು ಕುಣಿದೆ. ಗಂಡಿನ ತಾಯಿಯ ರೇಷ್ಮೆ ಸೀರೆಗೂ ಒಂದಿಷ್ಟು ಪಾಲು ಸಿಕ್ಕಿತು. ಅವರೊಬ್ಬರು ನಗಲಿಲ್ಲ. ಅಪ್ಪ ಪೈಪಿನ ಸಾಲು ಹಿಡಿದು ತೋಟದ ತುದಿಯವರೆಗೂ ನಡೆದು, ನೋಡಿಕೊಂಡು ಬಂದರು.

ಮನೆಯಲ್ಲಿ ಉಪ್ಪಿಟ್ಟಾಯಿತು. ಅಕ್ಕ ತಲೆ ತಗ್ಗಿಸಿ ಕಾಫಿ ಕೊಟ್ಟಳು. ಗಂಡಿನ ತಂದೆ ಲೋಟ ಕೆಳಗಿಟ್ಟು, “ನಮಗೆ ಹುಡುಗಿ ಒಪ್ಪಿಗೆ,” ಅಂದರು. ಅಜ್ಜ ತಲೆ ಆಡಿಸಿ, ತಾಂಬೂಲದ ತಟ್ಟೆಗೆ ಕೈ ಹಾಕಿದರು.

“ಒಂದ್ನಿಮಿಷ,” ಅಂದರು ಅಪ್ಪ. “ಅವಳನ್ನ ಕೇಳಿಲ್ಲ.”

ಅಜ್ಜನ ಕೈ ತಟ್ಟೆಯಲ್ಲೇ ಉಳಿಯಿತು. “ಅವಳನ್ನ ಕೇಳೋದೆಂತದು?”

“ಪಂಪು ಓಡಿತು ಅಂತ ನಾನು ಹಾಗೇ ಬಂದ್ಬಿಟ್ನಾ ಅಪ್ಪಯ್ಯ? ಕೊನೇ ಗಿಡಕ್ಕೂ ನೀರು ಬಿತ್ತಾ ಅಂತ ನೋಡಿಯೇ ಬಂದೆ. ಇವಳ ಬಾಳು ಅದಕ್ಕಿಂತ ಕಡಿಮೆಯಾ?” ಅಪ್ಪ ಅಕ್ಕನ ಕಡೆ ತಿರುಗಿದರು. “ನಿಂಗೆ ಒಪ್ಪಿಗೆಯಾ ಮಗಳೇ? ಬೇಡ ಅಂದ್ರೂ ಸರಿ.”

ಅಕ್ಕ ತಲೆ ಎತ್ತಿದಳು. ಅಪ್ಪನನ್ನು ನೋಡಿದಳು. ಮೊಣಕೈಯಲ್ಲಿ ಕೆಸರು ಒಣಗಿಸಿಕೊಂಡು ಕೂತಿದ್ದ ಹುಡುಗನನ್ನೂ ಒಮ್ಮೆ ನೋಡಿದಳು. “ತೋಟ ಹೂವಾಗ್ಲಿ. ಆಮೇಲೆ ಹೇಳ್ತೇನೆ.”

“ಅಲ್ಲೀತನಕ ನಾವು ಕಾಯ್ಬೇಕಾ?” ಎಂದು ಹುಡುಗನ ತಾಯಿ ಹುಬ್ಬು ಗಂಟಿಕ್ಕಿದರು. ಅಷ್ಟು ಹೊತ್ತೂ ತುಟಿ ಬಿಚ್ಚದ ಹುಡುಗ, “ಕಾಯೋಣಮ್ಮ,” ಅಂದ. ಆಗಲೇ ನನಗೆ ಅವನು ಇಷ್ಟವಾದದ್ದು.

ವಾರ ಕಳೆದು ಒಂದು ಬೆಳಿಗ್ಗೆ ತೋಟವೆಲ್ಲ ಬೆಳ್ಳಗಾಗಿತ್ತು. ಪರಿಮಳ ಅಡುಗೆಮನೆಯವರೆಗೂ ನುಗ್ಗಿತ್ತು, ಜೇನುಹುಳಗಳ ಗದ್ದಲದಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಅಕ್ಕ ಒಬ್ಬಳೇ ತೋಟದೊಳಗೆ ಹೋಗಿ, ಬಹಳ ಹೊತ್ತು ಬಿಟ್ಟು ಬಂದು, ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ಜೋರಾಗಿ ನಕ್ಕರು. ನಿಮಗೆ ಪೆಪ್ಪರ್‌ಮಿಂಟ್ ತಂದುಕೊಡುವ ಕಳಸದ ಅಜ್ಜ ಇದ್ದಾರಲ್ಲ, ಅವರೇ ಆ ಹುಡುಗ.

ಈಗ ನಿಮ್ಮ ಮಾವ ಮೂಡಿಗೆರೆ ಪೇಟೆಯಲ್ಲಿ ಕೂತು ಮೊಬೈಲ್ ಒತ್ತಿದರೆ ತೋಟದಲ್ಲಿ ಪಂಪು ಓಡುತ್ತದೆ. ನಿಮ್ಮನ್ನಂತೂ ಎಲ್ಲದಕ್ಕೂ ಕೇಳುತ್ತಾರೆ. ದೋಸೆಯೋ ಚಪಾತಿಯೋ, ಯಾವ ಬಣ್ಣದ ಬ್ಯಾಗು, ದೇವರಮನೆ ಬೆಟ್ಟಕ್ಕೆ ಬರುತ್ತೀಯೋ ಇಲ್ಲವೋ. ಕೇಳಿಸಿಕೊಂಡು ಕೇಳಿಸಿಕೊಂಡು ನಿಮಗೆ ರೇಜಿಗೆ. ಇರಲಿ, ಹಾಗೆಯೇ ಇರಬೇಕು. ಆದರೆ ಹೀಗೆ ಕೇಳುವುದು ನಮ್ಮ ಮನೆಗೆ ಯಾವ ದಿನ ಬಂತು, ಯಾರು ತಂದರು ಎನ್ನುವುದು ನಿಮಗೆ ಗೊತ್ತಿರಲಿ ಎಂದು ಇಷ್ಟೆಲ್ಲ ಹೇಳಿದೆ.

ಅಪ್ಪ ತೊಂಬತ್ತು ದಾಟಿ ತುಂಬು ಬಾಳು ಬದುಕಿದರು. ತೀರಿಕೊಂಡ ದಿನ ಬಂದವರೆಲ್ಲ ಅವರು ಕಟ್ಟಿಸಿದ ಸೇತುವೆಗಳ ಮಾತಾಡಿದರು. ಕೊಟ್ಟಿಗೆಹಾರದ ಕಡೆಯದು, ಕಳಸದ ದಾರಿಯದು, ಎಲ್ಲವೂ ಇನ್ನೂ ಗಟ್ಟಿಯಾಗಿವೆ ಎಂದರು. ನನಗೆ ಹೆಮ್ಮೆಯಾಯಿತು. ತಲೆ ಪೂರ್ತಿ ನರೆತಿದ್ದ ಅಕ್ಕ ಮಾತ್ರ ಅಪ್ಪನ ಪಾದದ ಹತ್ತಿರ ಸುಮ್ಮನೆ ಕೂತಿದ್ದಳು. ಎಲ್ಲರೂ ಮಾತು ಮುಗಿಸಿದ ಮೇಲೆ ನನ್ನ ಕೈ ಹಿಡಿದು ಹೇಳಿದಳು:

“ಅಷ್ಟು ಜನರ ಎದುರು ಅಪ್ಪ ನನ್ನ ಕೇಳಿದ್ರು ಕಣೇ.”