ತಳದ ಮೂರು ಚುಕ್ಕೆ

ಹನ್ನೊಂದು ವಾರದ ಕೂಲಿ ಇನ್ನೂ ಬಾಕಿ ಇದೆ. ಪಿಂಗಾಣಿ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಕುಂಚ ಹಿಡಿದು ಕೂತಿದ್ದ ಹೆಂಗಸರ ಕೂಲಿ ಅದು. ಕಾರ್ಖಾನೆ ಬಾಗಿಲು ಹಾಕಿ ಮೂವತ್ತೊಂಬತ್ತು ವರ್ಷವಾಯಿತು. ಹತ್ತೊಂಬತ್ತು ಜನರಲ್ಲಿ ಹನ್ನೆರಡು ಜನ ಕಾದು ಕಾದು ಮಣ್ಣಿಗೆ ಹೋದರು. ಉಳಿದ ಏಳು ಜನರಲ್ಲಿ ಒಬ್ಬಳ ವಿಷಯ ಹೇಳುತ್ತೇನೆ. ಕಾರ್ಖಾನೆಯಲ್ಲಿ ಅವಳನ್ನು ಚುಕ್ಕಿಯಕ್ಕ ಅಂತಲೇ ಕರೆಯುತ್ತಿದ್ದೆವು. ಈಗಲೂ ನಾನು ಹಾಗೇ ಕರೆಯುತ್ತೇನೆ. ಅವಳಿಗೆ ಎಪ್ಪತ್ತಾರು, ನನಗೆ ಎರಡು ಕಮ್ಮಿ.

ಬಸ್ ಡಿಪೋ ಹಿಂದಿನ ಓಣಿಯಲ್ಲಿ ಅವಳ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಮಗ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮನೆಯಲ್ಲಿ ಅವಳು, ಸೊಸೆ, ಮೊಮ್ಮಗಳು. ಒಳಕೋಣೆಯ ಒಂದು ಗೋಡೆ ನೆಲದಿಂದ ಸೂರಿನವರೆಗೆ ಬರೀ ಹಲಗೆ. ಹಲಗೆಯ ಮೇಲೆ ಅರವತ್ತನಾಲ್ಕು ಸಾಮಾನು. ಉದ್ದ ಕತ್ತಿನ ಹೂದಾನಿಗಳು, ಮೂರು ಕಾಲಿನ ಬಟ್ಟಲುಗಳು, ಬಿಲ್ಲಿನಂತೆ ಬಾಗಿದ ತಟ್ಟೆಗಳು, ಕಪ್ಪು ಗೆರೆ ಎಳೆದ ಚಹಾದ ಹೂಜಿಗಳು. ಸಾಸಿವೆ ಬಣ್ಣ, ಪಾಚಿ ಬಣ್ಣ, ಬೂದಿ ಬಣ್ಣ. ಈಗ ಇವಕ್ಕೆ ಮಿಡ್ ಸೆಂಚುರಿ ಅಂತ ದೊಡ್ಡ ಹೆಸರು. ದುಡ್ಡಿದ್ದವರು ಗಾಜಿನ ಬೀರುವಿನಲ್ಲಿಟ್ಟು ಒಳಗೆ ದೀಪ ಹಾಕುತ್ತಾರೆ. ನಾವು ಸುಡುವ ಕಾಲಕ್ಕೆ 'ಹೊಸ ಮಾಡೆಲ್' ಅಂದರೆ ಮುಗಿಯುತ್ತಿತ್ತು.

ಓಣಿಯವರೆಲ್ಲ ಚುಕ್ಕಿಯಕ್ಕನಿಗೆ ಪಿಂಗಾಣಿ ಹುಚ್ಚು ಅಂದುಕೊಂಡಿದ್ದಾರೆ. ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ. ಆ ಸಾಮಾನು ಅವಳ ಮನೆಯಲ್ಲಿ ಕೂತಿರುವುದಕ್ಕೆ ಕಾರಣ ನಾನು.

ನಾನು ಭಟ್ಟಿಯಲ್ಲಿದ್ದೆ, ಯೂನಿಯನ್ನಿನ ಕಾರ್ಯದರ್ಶಿಯೂ ಆಗಿದ್ದೆ. ಕಾರ್ಖಾನೆ ಮುಳುಗುವ ಹೊತ್ತಿಗೆ ಹನ್ನೊಂದು ವಾರ ಯಾರಿಗೂ ಕೂಲಿ ಆಗಿರಲಿಲ್ಲ. ಗೇಟಿನಲ್ಲಿ ಒಂಬತ್ತು ದಿನ ಕೂತೆವು. ಕೊನೆಗೆ ಮಾಲೀಕ ಕೈ ಎತ್ತಿದ: ನಗದು ಇಲ್ಲ, ಗೋದಾಮಿನಲ್ಲಿ ಮಾಲಿದೆ, ತಗೊಂಡು ಹೋಗಿ. ನಾನು ಜಾಣತನ ಮಾಡಲು ಹೋದೆ. ಮಾಲು ತಗೊಂಡರೆ ಲೆಕ್ಕ ಚುಕ್ತಾ ಆಯಿತು ಅಂತ ಇವನು ನಾಳೆ ಹೇಳುತ್ತಾನೆ, ಹಾಗಾಗಬಾರದು ಅಂತ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದೆ. 'ಕೂಲಿ ನಗದಾಗಿ ಸಲ್ಲುವವರೆಗೆ ಮಾಲು ಒತ್ತೆಯಾಗಿ ಕಾರ್ಮಿಕರ ಬಳಿ ಇರತಕ್ಕದ್ದು. ಸಂದ ದಿನ ಹಿಂದಿರುಗಿಸತಕ್ಕದ್ದು.' ಬರೆದು ಮೀಸೆ ತಿರುವಿಕೊಂಡೆ.

ಆರು ತಿಂಗಳಲ್ಲಿ ಎಲ್ಲರೂ ಮಾರಿಕೊಂಡರು. ಹೊಟ್ಟೆ ಒಪ್ಪಂದ ಓದುವುದಿಲ್ಲ. ನಾನೂ ಮಾರಿದೆ. ಚುಕ್ಕಿಯಕ್ಕ ಮಾತ್ರ ಮಾರಲಿಲ್ಲ. "ಅಡದ ಮಾಲು ಕಣೋ, ನಂದಲ್ಲ" ಅಂದಳು. ಗಂಡ ಸತ್ತಾಗ ಮಾರಲಿಲ್ಲ, ಮಗನ ಕಾಲು ಮುರಿದಾಗ ಮಾರಲಿಲ್ಲ. ಬೇರೆಯವರ ಮನೆಯ ಪಾತ್ರೆ ತಿಕ್ಕಿದಳು, ಇವನ್ನು ವಾರಕ್ಕೊಮ್ಮೆ ಒರೆಸಿಟ್ಟಳು.

ಇಷ್ಟೇ ಆಗಿದ್ದರೆ ಪೆದ್ದುತನ ಅಂದು ಬಿಡಬಹುದಿತ್ತು. ಇನ್ನೊಂದಿದೆ.

ಬಣ್ಣದ ಹೆಂಗಸರಿಗೆ ಸಂಬಳವಿರಲಿಲ್ಲ, ಎಷ್ಟು ಸಾಮಾನು ಬರೆದರೋ ಅಷ್ಟಕ್ಕೆ ಕೂಲಿ. ಲೆಕ್ಕಕ್ಕಾಗಿ ಒಬ್ಬೊಬ್ಬರಿಗೆ ಒಂದೊಂದು ಗುರುತು. ಬರೆದು ಮುಗಿಸಿದ ಮೇಲೆ ತಳದ ಅಂಚಿನಲ್ಲಿ, ಮೆರುಗು ಹಚ್ಚದೆ ಬಿಟ್ಟ ಜಾಗದಲ್ಲಿ, ಕಂದು ಬಣ್ಣದಲ್ಲಿ ಅದನ್ನು ಇಡಬೇಕು. ಸಂಜೆ ಲೆಕ್ಕದ ಗುಮಾಸ್ತ ಬಂದು ಸಾಮಾನು ಕವುಚಿ ಗುರುತು ನೋಡಿ ಎಣಿಸುತ್ತಿದ್ದ. ಚುಕ್ಕಿಯಕ್ಕನದು ಮೂರು ಚುಕ್ಕೆ. ಕುಂಚ ಎತ್ತುವುದು ಅವಳಿಗೆ ಯಾವಾಗಲೂ ಕ್ಷಣ ತಡ, ಅದಕ್ಕೇ ಮೂರನೆಯ ಚುಕ್ಕೆಗೆ ಸಣ್ಣ ಬಾಲ.

ಕೊಂಚ ಊನವಿದ್ದ ಸಾಮಾನನ್ನು ಕೆಲಸಗಾರರಿಗೆ ಅಗ್ಗಕ್ಕೆ ಕೊಡುವುದಿತ್ತು. ಮನೆಗೆ ಒಯ್ಯುವ ಮೊದಲು ಗುರುತನ್ನು ಸಾಣೆಕಲ್ಲಿನಲ್ಲಿ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಅದೇ ಹೂದಾನಿ ಮಾರನೆಯ ದಿನ ಸೆರಗಿನೊಳಗೆ ವಾಪಸ್ ಬಂದು ಹಲಗೆಯ ಮೇಲೆ ಕೂತು ಇನ್ನೊಂದು ಸಲ ಎಣಿಕೆಗೆ ಬೀಳುತ್ತಿತ್ತು. ಸುಮಾರು ಜನ ಆ ಕೈಚಳಕ ಮಾಡಿದ್ದುಂಟು. ಬೈಯಲಾರೆ, ಕೂಲಿ ಅಷ್ಟು ದರಿದ್ರವಾಗಿತ್ತು.

ಒತ್ತೆಯ ಮಾಲು ಹಂಚಿದ ದಿನ ಬಣ್ಣದ ಹೆಂಗಸರಿಗೆ ಅವರವರು ಬರೆದದ್ದನ್ನೇ ಕೊಟ್ಟೆವು. ಎಲ್ಲರೂ ಇದ್ದ ಹಾಗೇ ಗೋಣಿಗೆ ತುಂಬಿಕೊಂಡು ಹೋದರು. ಕಾರ್ಖಾನೆಯೇ ಇಲ್ಲ, ಇನ್ನು ಎಣಿಸುವವನು ಯಾರು? ಚುಕ್ಕಿಯಕ್ಕ ಹೊಸ್ತಿಲ ಮೇಲೆ ಕೂತು ಎರಡು ದಿನ ಉಜ್ಜಿದಳು. ಅರವತ್ತನಾಲ್ಕನ್ನೂ. ನಾನು ಆ ದಾರಿಯಲ್ಲಿ ಹೋಗುತ್ತ ನೋಡಿದೆ.

"ಏನಕ್ಕಾ ಇದು, ಯಾರು ಕೇಳ್ತಾರೆ ಈಗ?" ಅಂದೆ.

"ನಾಳೆ ಬಾಗಿಲು ತೆಗೆದ್ರೆ? ಇವಳು ಎರಡು ಸಲ ಎಣಿಸಿಕೊಳ್ಳೋಕೆ ಗುರುತು ಬಿಟ್ಕೊಂಡಿದಾಳೆ ಅನ್ನಿಸ್ಕೊಳ್ಲಾ? ನೀನು ಹೋಗು, ಧೂಳು ಕಣ್ಣಿಗೆ ಬೀಳುತ್ತೆ."

ಬಾಗಿಲು ತೆಗೆಯಲಿಲ್ಲ.

ಈ ವರ್ಷ ಕಾರ್ಖಾನೆಯ ಜಾಗ ಮಾರಾಟವಾಯಿತು. ಬಂದ ಹಣದಲ್ಲಿ ಮೊದಲು ಹಳೆಯ ಕೆಲಸಗಾರರ ಬಾಕಿ ತೀರಿಸಬೇಕು ಎಂದು ನ್ಯಾಯಾಲಯ ಹೇಳಿತು. ಪಟ್ಟಿ ಹೊರಬಿತ್ತು. ಮಣ್ಣು ಕಲಸಿದವರು, ಭಟ್ಟಿಯವರು, ಲಾರಿಯವರು, ಆಫೀಸಿನವರು, ಒಟ್ಟು ನೂರಾ ಹನ್ನೆರಡು ಹೆಸರು. ಬಣ್ಣದ ಹೆಂಗಸರ ಒಂದು ಹೆಸರೂ ಇಲ್ಲ. ಸಂಬಳದ ಪುಸ್ತಕದಲ್ಲಿ ಅವರಿರಲಿಲ್ಲ, ಎಣಿಕೆಯ ಪುಸ್ತಕ ಗೆದ್ದಲು ತಿಂದಿತ್ತು. ನನ್ನ ಹೆಸರು ಇದೆ. ನಲವತ್ತನೆಯದು.

ಯೂನಿಯನ್ನಿನ ಟ್ರಂಕು ಕೆದಕಿದಾಗ ನನಗೊಂದು ಹಾಳೆ ಸಿಕ್ಕಿತು. ಕೂಲಿ ಹೆಚ್ಚಿಸಿ ಎಂದು ಜಗಳವಾಡಿದ ವರ್ಷ ನಾವೇ ಬರೆದುಕೊಂಡದ್ದು: ಹತ್ತೊಂಬತ್ತು ಹೆಸರು, ಎದುರಿಗೆ ಹತ್ತೊಂಬತ್ತು ಗುರುತು. ಚುಕ್ಕಿಯಕ್ಕನನ್ನು ಕರೆದುಕೊಂಡು ಬಾಕಿ ತೀರಿಸುವ ಅಧಿಕಾರಿಯ ಕಚೇರಿಗೆ ಹೋದೆ. ಕನ್ನಡಕದ ಹುಡುಗಪ್ರಾಯದ ಮನುಷ್ಯ. ಕೂರಿಸಿದ, ನೀರು ಕೊಟ್ಟ, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ನಿಮ್ಮ ಯೂನಿಯನ್ನೇ ಬರೆದದ್ದು ಸರ್. ಕಾಗದ ಯಾರು ಬೇಕಾದ್ರೂ ಬರೀಬಹುದು. ಕಾರ್ಖಾನೆ ಮುದ್ರೆ, ಪಕ್ಕದಲ್ಲಿ ಈ ಗುರುತು, ಎರಡೂ ಇರೋ ಸಾಮಾನು ತನ್ನಿ. ಗುರುತು ತಾಳೆಯಾದ್ರೆ ಅವರ ಹೆಸರು ನಾನೇ ಸೇರಿಸ್ತೀನಿ."

"ಫೋಟೋ ಆಗುತ್ತಾ?"

"ಫೋಟೋ ಬೇಡ. ವಸ್ತುನೇ ಬೇಕು."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಹೊರಗೆ ಮೆಟ್ಟಿಲಿಳಿಯುವಾಗ ಚುಕ್ಕಿಯಕ್ಕನ ಮುಖ ಬಿಳಿಚಿತ್ತು. ನನಗೆ ಆಮೇಲೆ ಹೊಳೆಯಿತು.

ಮನೆಗೆ ಬಂದು ಅರವತ್ತನಾಲ್ಕನ್ನೂ ಕೆಳಗಿಳಿಸಿದೆವು. ಸೊಸೆ ಒಂದೊಂದನ್ನೇ ಕವುಚಿ ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲದರಲ್ಲೂ ಕಾರ್ಖಾನೆಯ ಮುದ್ರೆ ಇತ್ತು. ಗುರುತಿನ ಜಾಗದಲ್ಲಿ ಉಜ್ಜಿದ ಬಿಳಿ ಕಲೆ.

"ಒಂದು, ಒಂದಾದ್ರೂ ಮರೀಬಾರ್ದಿತ್ತಾ ಅತ್ತೆ?" ಅವಳ ದನಿ ಏರಿತು. "ನನ್ ಮಗಳು ಅಡುಗೆಮನೇಲಿ ಒಲೆ ಪಕ್ಕ ಮಲಗ್ತಾಳೆ, ಇಲ್ಲಿ ಇವು ರಾಜರ ಹಾಗೆ ಕೂತಿವೆ. ಉಪಯೋಗಕ್ಕೆ ಬರೋ ಒಂದೇ ಒಂದು ದಿನ ಬಂತು, ಅವತ್ತೂ ಇಲ್ಲ!"

"ಮರೆಯೋ ಪೈಕಿ ಅಲ್ವಲ್ಲ ನಾನು" ಅಂದಳು ಚುಕ್ಕಿಯಕ್ಕ. ಹೆಮ್ಮೆಯಿಂದ ಹೇಳಿದ್ದಲ್ಲ. ತಪ್ಪೊಪ್ಪಿಕೊಂಡ ಹಾಗಿತ್ತು.

ಕೊನೆಗೆ ಸೊಸೆಗೇ ನೆನಪಾಯಿತು. ಹೋದ ವರ್ಷ ಒಬ್ಬ ಹಲ್ಲಿನ ಡಾಕ್ಟರು ಈ ಸಾಮಾನಿನ ಸುದ್ದಿ ಕೇಳಿಕೊಂಡು ಬಂದಿದ್ದರು, ಹಳೆಯ ಪಿಂಗಾಣಿ ಕೂಡಿಡುವವರು. ಎಲ್ಲ ಕೊಂಡುಕೊಳ್ಳುತ್ತೇನೆ ಅಂದಿದ್ದರು, ಅತ್ತೆ ಬಾಗಿಲಿಂದಲೇ ಕಳಿಸಿದ್ದರು. ಡಾಕ್ಟರ ವಿಳಾಸದ ಚೀಟಿಯನ್ನು ಸೊಸೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದಳು. ಅಂಗಡಿಗೆ ಹೋಗಿ ಮಾರಾಟವಾದ ಮಾಲಿನಲ್ಲಿ ಗುರುತು ಹಾಗೇ ಉಳಿದಿರಬೇಕಲ್ಲ?

ಡಾಕ್ಟರ ಮನೆಯ ನಡುಮನೆಯಲ್ಲಿ ಮೂರು ಗೋಡೆ ಗಾಜಿನ ಬೀರು. ಒಳಗೆ ನಮ್ಮ ಹತ್ತು ವರ್ಷದ ದುಡಿಮೆ ದೀಪದಡಿ ಮಿನುಗುತ್ತ ಕೂತಿತ್ತು. ಭಟ್ಟಿಯಲ್ಲಿ ನನ್ನ ಕೈ ಸುಟ್ಟುಕೊಂಡು ತೆಗೆದದ್ದೂ ಅದರಲ್ಲಿ ಇದ್ದೀತು, ಆದರೆ ಭಟ್ಟಿಯವನಿಗೆ ಗುರುತಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಚಹಾ ತರಿಸಿದರು. ಮೂರು ಚುಕ್ಕೆ ಹುಡುಕಿ ಬಂದೆವು ಅಂದ ಕೂಡಲೇ ಎದೆಮಟ್ಟದ ಬೀರುವಿನಿಂದ ಪಾಚಿ ಬಣ್ಣದ ಹೂದಾನಿಯೊಂದನ್ನು ತಾವೇ ತೆಗೆದು ಚುಕ್ಕಿಯಕ್ಕನ ಮುಂದೆ ಇಟ್ಟು, ಬಿಳಿ ಕೈಗವಸಿನ ಜೋಡಿಯೊಂದನ್ನು ಕೊಟ್ಟರು.

"ಇದು ಹಾಕ್ಕೊಂಡ್ರೆ ಜಾರಿಸಿ ಬೀಳಿಸ್ತೀನಿ ಡಾಕ್ಟ್ರೇ" ಎಂದು ಅವಳು ಕೈಗವಸು ಪಕ್ಕಕ್ಕಿಟ್ಟು ಹೂದಾನಿ ಎತ್ತಿ ಕವುಚಿದಳು. ನೋಡಲಿಲ್ಲ, ಮೊದಲು ಹೆಬ್ಬೆರಳಿನಲ್ಲಿ ಸವರಿದಳು. ಮೂರು ಚುಕ್ಕೆ. ಮೂರನೆಯದಕ್ಕೆ ಬಾಲ.

ಆಮೇಲೆ ನೆಟ್ಟಗೆ ನಿಲ್ಲಿಸಿ ಹೂದಾನಿಯ ಹೊಟ್ಟೆಯ ಮೇಲಿನ ಕಪ್ಪು ಗೆರೆಗಳನ್ನು ಸೊಸೆಗೆ ತೋರಿಸಿದಳು. "ನೋಡೇ, ಎಲ್ಲ ಎಡಕ್ಕೆ ವಾಲಿದೆ. ಆಗ ನಿನ್ ಗಂಡ ಹೊಟ್ಟೇಲಿದ್ದ. ಎಂಟು ತಿಂಗಳು. ಮೇಜಿಗೆ ಹತ್ರ ಕೂರೋಕಾಗ್ತಿರ್ಲಿಲ್ಲ, ಓರೆಯಾಗಿ ಕೂತು ಬರೀತಿದ್ದೆ. ಮೇಸ್ತ್ರಿ ಬೈದಿದ್ದ, ಗೆರೆ ಸೊಟ್ಟ ಅಂತ."

"ಹೊಟ್ಟೇಲಿದ್ದಾಗ್ಲೂ ಅಡ್ಡಗಾಲೇನಾ ಅವ್ರು!" ಅಂದಳು ಸೊಸೆ. ಆ ದಿನ ನಕ್ಕದ್ದು ಅಷ್ಟೇ.

ಡಾಕ್ಟರು ನಗಲಿಲ್ಲ. ಮೇಜಿನ ಮೇಲಿದ್ದ ಬಣ್ಣಬಣ್ಣದ ಹರಾಜಿನ ಪುಸ್ತಕ ತೆಗೆದು ನಮ್ಮ ಮುಂದೆ ಹಿಡಿದರು. ಅದರಲ್ಲಿ ಇದೇ ಹೂದಾನಿಯ ಚಿತ್ರ. ಕೆಳಗೆ ಬರೆದಿತ್ತು: ಕಾರ್ಖಾನೆಯ ಕಲಾ ಮುಖ್ಯಸ್ಥನ ಸ್ವಂತ ಕೈಕೆಲಸ, ಮೂರು ಚುಕ್ಕೆ ಅವನ ಸಹಿ, ವಾಲಿದ ಗೆರೆಗಳು ಅವನ ದಿಟ್ಟ ಶೈಲಿ. ಆ ಮುಖ್ಯಸ್ಥನನ್ನು ನಾನು ಬಲ್ಲೆ. ಹನ್ನೊಂದಕ್ಕೆ ಬಂದು ಕಾಗದದ ಮೇಲೆ ಚಿತ್ರ ಬರೆದು ನಾಲ್ಕಕ್ಕೆ ಹೋಗುತ್ತಿದ್ದ. ಮಾಡೆಲ್ ಅವನದು, ಇಲ್ಲ ಅನ್ನುವುದಿಲ್ಲ. ಸಾಮಾನು ಮುಟ್ಟಿದವನಲ್ಲ.

"ನೀವು ಹೇಳೋದನ್ನ ನಾನು ನಂಬ್ತೀನಿ ಅಮ್ಮಾ" ಅಂದರು ಡಾಕ್ಟರು. "ಆದ್ರೆ ಮೂರು ಚುಕ್ಕೆಯದು ನನ್ನ ಹತ್ರ ಇದೊಂದೇ, ಮುಂದಿನ ತಿಂಗಳು ಇದು ಹರಾಜಿಗೆ ಹೋಗ್ತಿದೆ. ಕೂಲಿಯ ತಗಾದೆಗೆ ಸಾಕ್ಷಿಯಾಯ್ತು, ಸಹಿ ಅವನದಲ್ಲ ಅಂತಾಯ್ತು ಅಂದ್ರೆ ಯಾರೂ ಮುಟ್ಟಲ್ಲ. ಮಗಳ ಓದಿನ ದುಡ್ಡು ಇದರಲ್ಲಿದೆ."

"ಒಂದು ಗಂಟೆ ಸಾಕು ಸರ್, ನೀವೇ ಹಿಡ್ಕೊಂಡು ಬನ್ನಿ, ತೋರಿಸಿ ವಾಪಸ್ ತಗೊಂಡು ಹೋಗಿ" ಅಂದೆ.

ಡಾಕ್ಟರು ಚಹಾದ ಕಪ್ಪು ತಿರುವಿದರು. "ಹಾಗಾದ್ರೆ ಒಂದು ಕೆಲಸ ಮಾಡೋಣ. ನಿಮ್ಮ ಮನೇಲಿರೋ ಅರವತ್ನಾಲ್ಕನ್ನೂ ನನಗೆ ಕೊಡಿ. ಗುರುತಿಲ್ಲದೇ ಇದ್ರೂ ಸರಿ, ನ್ಯಾಯವಾದ ಬೆಲೆ ಕೊಡ್ತೀನಿ. ನನ್ನ ನಷ್ಟ ತುಂಬುತ್ತೆ. ಇದನ್ನ ನಾಳೆನೇ ಆಫೀಸರ್ ಮುಂದೆ ಇಡ್ತೀನಿ."

ಸೊಸೆ ನನ್ನ ಮುಖ ನೋಡಿದಳು, ನಾನು ಚುಕ್ಕಿಯಕ್ಕನ ಮುಖ ನೋಡಿದೆ. ನನ್ನ ಲೆಕ್ಕದಲ್ಲಿ ವ್ಯಾಪಾರ ಕುದುರಿತ್ತು.

"ಅದು ಅಡದ ಮಾಲು ಡಾಕ್ಟ್ರೇ."

"ಅಕ್ಕಾ, ಅಡ ಇಟ್ಟೋನು ಸತ್ತು ಇಪ್ಪತ್ತು ವರ್ಷ ಆಯ್ತು!"

"ಸತ್ತೋರ ಸಾಮಾನು ಅಂತ ಮಾರ್ಕೊಳ್ಲಾ? ಕೂಲಿ ಕೇಳೋಕೆ ಹೋಗ್ತಿರೋಳು ನಾನು. ಸಂದ ದಿನ ವಾಪಸ್ ಕೊಡಬೇಕು ಅಂತ ಬರೆದಿದ್ಯಾರು? ನೀನೇ ತಾನೇ? ನಾನು ಹೆಬ್ಬೆಟ್ಟು ಒತ್ತಿದೀನಿ. ಆಫೀಸರ್ ಮಾಲು ಎಲ್ಲಿ ಅಂದ್ರೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಹೆಸರೂ ಬರಲ್ಲ, ದುಡ್ಡೂ ಬರಲ್ಲ ಅತ್ತೆ" ಅಂದಳು ಸೊಸೆ, ಈ ಸಲ ಮೆಲ್ಲಗೆ.

"ದುಡ್ಡು ಬೇಕು ಕಣೇ. ಹೆಸರು ಬಂದ್ರೆ ಸಾಕು ಅನ್ನೋಷ್ಟು ದೊಡ್ಡ ಮನುಷ್ಯಳಲ್ಲ ನಾನು. ಆದ್ರೆ ನನ್ ದುಡ್ಡು ಬೇಕು, ಅವರ ಮಾಲಿನ ದುಡ್ಡಲ್ಲ."

ಹೂದಾನಿಯನ್ನು ಡಾಕ್ಟರ ಕೈಗೆ ಕೊಟ್ಟು ಎದ್ದಳು. ಬಾಗಿಲ ಹತ್ತಿರ ತಿರುಗಿ, "ಒದ್ದೆ ಬಟ್ಟೇಲಿ ಒರೆಸಬೇಡಿ, ಗೆರೆ ಮೆರುಗಿನ ಮೇಲಿದೆ, ಏಳುತ್ತೆ" ಅಂದಳು.

ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ. ಬೈಯುತ್ತ ಬೈಯುತ್ತ ನನಗೇ ನಾಚಿಕೆಯಾಯಿತು. ಪಟ್ಟಿಯಲ್ಲಿ ಹೆಸರಿರುವವನು ನಾನು. ಒತ್ತೆ ಮಾರಿ ತಿಂದವನೂ ನಾನು.

ಮುಂದಿನ ತಿಂಗಳ ಇಪ್ಪತ್ತಮೂರಕ್ಕೆ ಪಟ್ಟಿ ಮುಚ್ಚುತ್ತದೆ. ಆಮೇಲೆ ಉಳಿದ ಹಣ ಸಾಲಗಾರ ಬ್ಯಾಂಕುಗಳಿಗೆ. ಅವಳ ಒಂದು ಗುರುತು ತಾಳೆಯಾದರೆ ನನ್ನ ಹಾಳೆ ನಿಜವೆಂದಾಗುತ್ತದೆ, ಉಳಿದ ಆರು ಜನರಿಗೂ ಬಾಗಿಲು ತೆರೆಯುತ್ತದೆ.

ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ, ಬೇರೆ ಯಾರಿಗೂ ಅಲ್ಲ. ಹಳೆಯ ಪಿಂಗಾಣಿ ಚೆಂದ ಅಂತ ಕೊಂಡು ಬೀರುವಿನಲ್ಲಿಟ್ಟಿದ್ದೀರಿ. ಅಜ್ಜಿಯ ಕಾಲದ್ದು ಅಂತ ಟಿವಿಯ ಪಕ್ಕ ಇಟ್ಟಿದ್ದೀರಿ. ಒಳಗೆ ಪೆನ್ನು, ಕತ್ತರಿ, ಮುರಿದ ಗುಂಡಿ ತುಂಬಿಟ್ಟಿದ್ದೀರಿ. ಅದನ್ನು ಖಾಲಿ ಮಾಡಿ, ಎರಡು ಕೈಯಲ್ಲಿ ಹಿಡಿದು ಕವುಚಿ. ವೃತ್ತದೊಳಗೆ ಒಂಟಿ ಕಾಲಿನ ಕೊಕ್ಕರೆ ಇದ್ದರೆ ಅದು ನಮ್ಮ ಕಾರ್ಖಾನೆಯ ಮುದ್ರೆ. ಅಂಚಿನಲ್ಲಿ ಕಂದು ಬಣ್ಣದ ಮೂರು ಚುಕ್ಕೆ ಇದ್ದು, ಮೂರನೆಯದಕ್ಕೆ ಬಾಲವಿದ್ದರೆ, ಇಪ್ಪತ್ತಮೂರರೊಳಗೆ ಅದನ್ನು ತೆಗೆದುಕೊಂಡು ಬನ್ನಿ. ಇದನ್ನು ಅಚ್ಚು ಹಾಕಿದವರ ಹತ್ತಿರ ನನ್ನ ವಿಳಾಸವಿದೆ. ನಿಮ್ಮ ವಸ್ತು ಸಂಜೆಗೆ ನಿಮ್ಮ ಮನೆಯಲ್ಲಿರುತ್ತದೆ. ರಸೀದಿ ನಾನೇ ಬರೆದುಕೊಡುತ್ತೇನೆ, ಈ ಸಲ ನೆಟ್ಟಗೆ ಬರೆಯುತ್ತೇನೆ.

ಆಮೇಲೆ ನೋಡೋಣ ಅನ್ನಬೇಡಿ. ಈಗಲೇ ಎದ್ದು ಹೋಗಿ ಕವುಚಿ ನೋಡಿ.