ಅಕ್ಕನ ಕಾರು, ನಾನು ಇಳಿಸಿದ ಗುಂಡಿ

"ಈ ಕಾರು ಮಾರ್ಬುಡಿ. ನನ್ಗೆ ಓಡ್ಸಕ್ಕೆ ಬರಲ್ಲ" ಎಂದು ನನ್ನ ಅಕ್ಕ ಹೋದ ವಾರ ಭಾವನಿಗೆ ಹೇಳಿದಳಂತೆ.

ಭಾವ ಕೂಡಲೇ ನನಗೆ ಫೋನ್ ಮಾಡಿದರು. ದನಿಯಲ್ಲಿ ಬೇಸರ ಇರಲಿಲ್ಲ. ಪಂದ್ಯ ಗೆದ್ದವರ ದನಿ. "ನಾನು ಮೊದ್ಲೇ ಬಡ್ಕಂಡೆ ಕಣಮ್ಮ. ಈ ವಯಸ್ಸಲ್ಲಿ ಇವ್ಳಿಗ್ಯಾಕೆ ಕಾರು? ಸ್ಟೀರಿಂಗೇ ಸಡಿಲ ಮಾಡಿ ಮಡಗವ್ಳೆ."

ನಾನು "ಹೌದಾ ಭಾವ" ಎಂದೆ. ಅಷ್ಟೇ. ಗಂಟಲಲ್ಲಿ ಇನ್ನೊಂದು ಮಾತು ಇತ್ತು. ನುಂಗಿಕೊಂಡೆ. ಅದನ್ನು ಈ ವಾರ ಈ ಅಂಕಣದಲ್ಲಿ ಹೊರಗೆ ಹಾಕುತ್ತಿದ್ದೇನೆ.

ನನ್ನ ಕಥೆ ನಿಮಗೆ ಗೊತ್ತೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈಗ ತಿಪಟೂರಿನಲ್ಲಿ ಬೆಳಿಗ್ಗೆ ಸಂಜೆ ತಪ್ಪದೆ ಶಾಲೆಗೆ ಹೋಗುತ್ತೇನೆ, ಮಕ್ಕಳ ವ್ಯಾನ್ ಓಡಿಸಿಕೊಂಡು. (ಆಗಲೇ ಇಷ್ಟು ಹಾಜರಿ ಇದ್ದಿದ್ದರೆ ಮೇಷ್ಟ್ರಾಗಿರುತ್ತಿದ್ದೆನೋ ಏನೋ.) ಗಾಡಿ ವಿಷಯಕ್ಕೆ ನಮ್ಮ ಮನೆಯಲ್ಲಿ ನನ್ನದೇ ಕೊನೆ ಮಾತು. ಗಂಡಸರೂ ನನ್ನನ್ನು ಕೇಳಿ ಟೈರ್ ಹಾಕಿಸುತ್ತಾರೆ.

ರತ್ನಕ್ಕ ನನಗಿಂತ ದೊಡ್ಡವಳು. ಹಾಲ್ಕುರಿಕೆ ಕಡೆ ಅವಳ ಮನೆ, ತೋಟ. ತಿಪಟೂರಿನ ನಾಲ್ಕಾರು ಹೋಟೆಲಿಗೆ ಚಟ್ನಿಗೆ ಬೇಕಾದ ಸುಲಿದ ತೆಂಗಿನಕಾಯಿ ಕೊಡುತ್ತಾಳೆ. ಮೊದಲು ಅದೆಲ್ಲ ಭಾವನ ಮೊಪೆಡ್ಡಿನಲ್ಲಿ ಹೋಗುತ್ತಿತ್ತು. ಭಾವನಿಗೆ ಮನಸ್ಸು ಬಂದ ದಿನ ಹೋಟೆಲಿನವರಿಗೆ ಕಾಯಿ. ಬಾರದ ದಿನ ಅಕ್ಕನಿಗೆ ಬೈಗುಳ.

ಸಾಕಾಗಿ ಒಂದು ಹಳೇ ಕಾರು ತೆಗೆದುಕೊಂಡಳು. ಓಡಿಸಲು ಕಲಿಸಿದ್ದು ನಾನೇ. ಎರಡು ಮೂಟೆ ಕಾಯಿ ಡಿಕ್ಕಿಗೆ ಹಾಕಿಕೊಂಡು, ಸೀರೆ ಸೆರಗು ಸಿಕ್ಕಿಸಿಕೊಂಡು, ತಾನೇ ಹೋಟೆಲಿನ ಬಾಗಿಲಿಗೆ ಹೋಗಿ ಹಾರ್ನ್ ಹೊಡೆಯುತ್ತಿದ್ದಳು. ಆ ಹಾರ್ನ್ ಹೊಡೆಯುವಾಗ ಅವಳ ಮುಖ ನೋಡಬೇಕಿತ್ತು ನೀವು.

ಹೋದ ತಿಂಗಳು ಒಂದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಾಯಸಂದ್ರದಲ್ಲಿ ನನ್ನ ಗೆಳತಿಯ ಗೃಹಪ್ರವೇಶ. ಶಾಲೆ ವ್ಯಾನನ್ನು ಸ್ವಂತಕ್ಕೆ ಮುಟ್ಟುವಂತಿಲ್ಲ. "ಕೊಡಕ್ಕ ನಿನ್ ಕಾರು" ಎಂದೆ. ಕೊಟ್ಟಳು.

ವಾಪಸ್ ಬರುವಾಗ ಸಂಜೆ. ಆಗಷ್ಟೇ ಮಳೆ ಬಂದು ನಿಂತಿತ್ತು. ತುರುವೇಕೆರೆ ದಾಟಿದ ಮೇಲೆ ಮುಂದೊಂದು ಬೈಕು. ಹಿಂದೆ ಕೂತಿದ್ದ ಹುಡುಗ ತಿರುಗಿ ನೋಡಿ, ಸ್ಟೀರಿಂಗ್ ಹಿಡಿದಿರುವುದು ಹೆಂಗಸು ಅಂತ ಗೊತ್ತಾಗಿ ನಕ್ಕ. ಬಿಡುವವಳಾ ನಾನು? ಓವರ್‌ಟೇಕ್ ಮಾಡಿದೆ. ರಸ್ತೆ ನಡುವೆ ನೀರು ನಿಂತಿತ್ತು, ಒಂದು ತಟ್ಟೆಯಷ್ಟು ಇರಬಹುದು ಅಂದುಕೊಂಡೆ.

ತಟ್ಟೆಯಲ್ಲ, ಹಂಡೆ. ಮುಂದಿನ ಎಡಗಡೆ ಚಕ್ರ ಧಡ್ ಎಂದು ಇಳಿದು, ಎಗರಿ, ಮೇಲೆ ಬಂತು. ನನ್ನ ಹಲ್ಲಿಗೆ ಹಲ್ಲು ಕುಟ್ಟಿತು.

ಇಳಿದು ನೋಡಿದೆ. ಟೈರಿನ ಗಾಳಿ ಹೋಗಿರಲಿಲ್ಲ. ರಿಮ್ಮೂ ಸೊಟ್ಟಗಾಗಿರಲಿಲ್ಲ. ಹೊರಟೆ. ಹೊರಟ ಮೇಲೆ ಗೊತ್ತಾಯಿತು. ರಸ್ತೆ ನೇರ ಇದ್ದರೂ ಸ್ಟೀರಿಂಗ್ ಒಂದು ಕಡೆ ವಾಲಿಕೊಂಡಿತ್ತು. ಸ್ವಲ್ಪ ತಿರುಗಿಸಿದರೆ ಕಾರಿಗೆ ಗೊತ್ತೇ ಆಗುತ್ತಿರಲಿಲ್ಲ, ಇನ್ನೂ ಸ್ವಲ್ಪ ತಿರುಗಿಸಿದ ಮೇಲೆ ಚಕ್ರ ಎಚ್ಚರಗೊಳ್ಳುತ್ತಿತ್ತು. ಹಂಪ್ ಸಿಕ್ಕಾಗ ಕೆಳಗೆ ಕಟಕ್ ಎಂಬ ಸದ್ದು. ದಿನಾ ವ್ಯಾನ್ ಓಡಿಸುವ ಕೈಗೆ ಇದು ಅರ್ಥವಾಗುವುದಿಲ್ಲವೇ? ಆಯಿತು. ಆದರೂ ರಸ್ತೆಯೇ ಸರಿ ಇಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮನೆ ಹತ್ತಿರ ನಲ್ಲಿಯಲ್ಲಿ ಕೆಸರು ತೊಳೆದೆ. "ಗಾಡಿ ಹೆಂಗೈತೆ?" ಎಂದು ಕೇಳಿದಳು ಅಕ್ಕ. "ಬೆಣ್ಣೆ ಹಂಗೈತೆ" ಎಂದೆ.

ಯಾಕೆ ಹೇಳಲಿಲ್ಲ? ಕಲಿಸಿದವಳೇ ಗುಂಡಿಗೆ ಇಳಿಸಿದೆ ಅಂತ ಕಲಿತವಳ ಮುಂದೆ ಹೇಗೆ ಹೇಳುವುದು? ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಎರಡು ದಿನಕ್ಕೆ ಫೋನ್ ಬಂತು. "ಮಂಜಿ, ಸ್ಟೀರಿಂಗ್ ಯಾಕೋ ಸಡಿಲ ಐತೆ ಕಣೇ. ನಾನ್ ಒಂದ್ಕಡೆ ತಿರುಗ್ಸಿದ್ರೆ ಅದು ಯೋಚ್ನೆ ಮಾಡಿ ತಿರುಗ್ತದೆ."

ಆಗ ನಾನು ಕೊಟ್ಟ ಉತ್ತರ ಕೇಳಿ. "ಡಿಕ್ಕೀಲಿ ಕಾಯಿ ಮೂಟೆ ಹೇರ್ತೀಯಲ್ಲ, ಹಿಂದ್ಗಡೆ ಭಾರ ಆಗಿ ಮುಂದ್ಗಡೆ ಎದ್ಕಂತದೆ. ಅದ್ಕೇ ಹಂಗೆ."

ಎಷ್ಟು ಚೆನ್ನಾಗಿದೆ ನೋಡಿ! ಪೂರ್ತಿ ಸುಳ್ಳೂ ಅಲ್ಲ. ಹಿಂದೆ ಭಾರ ಜಾಸ್ತಿಯಾದರೆ ಮುಂಭಾಗ ಹಗುರಾಗಿ ಸ್ಟೀರಿಂಗ್ ತೇಲಿದಂತೆ ಆಗುವುದು ನಿಜ. ನಮ್ಮ ಕಡೆ ಕಾರು ಅಂದರೆ ಅರ್ಧ ಲಗೇಜ್ ಆಟೋ. ಕಾಯಿ, ಎಳನೀರು, ಹಿಂಡಿ ಮೂಟೆ, ಏನು ಹೇರುವುದಿಲ್ಲ ನಾವು? ಯಾರಾದರೂ ನಂಬುತ್ತಾರೆ. ಭಾವ ಮೊದಲು ನಂಬಿದರು. ಒಳ್ಳೇ ಸುಳ್ಳು ಹೇಳಬೇಕಾದರೆ ವಿದ್ಯೆ ಬೇಕು ಅನ್ನುತ್ತಾರೆ. ಅನುಭವ ಇದ್ದರೂ ಸಾಕು.

ಅಕ್ಕ ಮಾತ್ರ ಸುಮ್ಮನೆ ನಂಬುವವಳಲ್ಲ. ಮೂಟೆ ಇಳಿಸಿ, ಖಾಲಿ ಕಾರನ್ನು ತೋಟದ ದಾರಿಯಲ್ಲಿ ಎರಡು ಸುತ್ತು ಓಡಿಸಿ ನೋಡಿದಳು. ಮತ್ತೆ ಫೋನ್. "ಕಾಯಿ ಇಳ್ಸಿದ್ರೂ ಹಂಗೇ ಐತಲ್ಲೇ!"

ಸಿಕ್ಕಿಬಿದ್ದೆ. ನಿಜ ಹೇಳಲು ಅದು ಸರಿಯಾದ ಹೊತ್ತಾಗಿತ್ತು. ನಾನು ಹೇಳಿದ್ದು ಬೇರೆ. "ಹಂಗಾದ್ರೆ ನಿನ್ ಕೈಯೇ ಸರಿಯಿಲ್ಲ. ಬಿಗಿಯಾಗ್ ಹಿಡ್ಕೊ."

ಅಕ್ಕ ಬಿಗಿಯಾಗಿ ಹಿಡಿದುಕೊಂಡಳು. ಅದೇ ಕಾರಿನಲ್ಲಿ, ಅದೇ ಸ್ಟೀರಿಂಗಿನಲ್ಲಿ, ಮತ್ತೂ ಕೆಲವು ಸಲ ತಿಪಟೂರಿಗೆ ಹೋಗಿ ಬಂದಳು. ಹೋದ ವಾರ ಒಂದು ತಿರುವಿನಲ್ಲಿ ಕಾರು ಅವಳ ಮಾತು ಕೇಳದೆ ಮೋರಿ ಕಡೆ ಹೋಯಿತು. ಬ್ರೇಕ್ ಹಿಡಿದಳು. ಮೋರಿಕಟ್ಟೆಗೂ ಬಂಪರಿಗೂ ಗೇಣು ದೂರ. ಮನೆಗೆ ಬಂದವಳೇ "ಮಾರ್ಬುಡಿ" ಎಂದಳು.

ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಭಾನುವಾರ ಹೋದೆ. ಯಾರಿಗೂ ಗೊತ್ತಾಗದಂತೆ ಗ್ಯಾರೇಜಿಗೆ ಒಯ್ದು ರಿಪೇರಿ ಮಾಡಿಸಿ, "ಒಂದು ನಟ್ಟು ಸಡಿಲ ಆಗಿತ್ತು" ಎಂದು ಹೇಳಿಬಿಡುವುದು ನನ್ನ ಪ್ಲಾನ್. ಅಕ್ಕ "ನಾನೂ ಬತ್ತೀನಿ" ಎಂದು ಪಕ್ಕದ ಸೀಟಿನಲ್ಲಿ ಕೂತಳು. ಗಾಡಿಯನ್ನು ನಿಧಾನವಾಗಿ ಓಡಿಸಿದೆ.

ಗ್ಯಾರೇಜಿನ ಶಿವಣ್ಣ ಮುಂಭಾಗ ಜಾಕ್ ಮೇಲೆ ಎತ್ತಿದ. ಎಡಗಡೆ ಚಕ್ರದ ಎರಡೂ ಪಕ್ಕ ಕೈಯಿಟ್ಟು ಅಲ್ಲಾಡಿಸಿದ. ಲಟಲಟ. ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿದೆಯಲ್ಲ, ಟೈ ರಾಡ್, ಅದರ ತುದಿಯ ಜಾಯಿಂಟ್ ಹೋಗಿತ್ತು. ಸರಳೂ ಕೊಂಚ ಬಾಗಿತ್ತು.

"ಎಲ್ಲಾದ್ರೂ ಗುಂಡಿಗಿಳ್ಸಿದ್ರೇನಮ್ಮ?" ಎಂದು ಅಕ್ಕನನ್ನು ಕೇಳಿದ.

"ಇಲ್ಲ ಕಣಪ್ಪ. ನೀರ್ ನಿಂತಿದ್ರೆ ನಾನು ಇಳಿದು ನೋಡಿ ಹೋಗೋಳು."

"ಇಳ್ಸಿರ್ತೀರಿ ಬುಡಿ. ಹೆಂಗಸ್ರು ಓಡ್ಸೋ ಗಾಡಿ, ಗೊತ್ತಾಗಿರಲ್ಲ. ಇನ್ನೊಂದ್ ಗುಂಡಿ ಸಿಕ್ಕಿದ್ರೆ ಪೂರ್ತಿ ಕಳಚ್ಕಂಡು ಹೋಗಿರೋದು."

ಅಕ್ಕ "ಇರ್ಬೋದೇನೋ, ನನ್ಗೇ ಗೊತ್ತಾಗಿಲ್ವೇನೋ" ಎಂದಳು.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮಾಡದ ತಪ್ಪನ್ನು ಅವಳು ತನ್ನ ತಲೆಯೊಳಗೇ ಹುಡುಕಲು ಶುರು ಮಾಡಿದ್ದಳು! "ಇಳ್ಸಿದ್ದು ನಾನು ಶಿವಣ್ಣ. ತುರುವೇಕೆರೆ ರೋಡಲ್ಲಿ. ಅಕ್ಕಂಗೆ ಗೊತ್ತಿಲ್ಲ" ಎಂದುಬಿಟ್ಟೆ.

ಶಿವಣ್ಣ ನಟ್ಟು ತಿರುಗಿಸುವ ಪಾನಾ ಹುಡುಕುವ ನೆಪದಲ್ಲಿ ಒಳಗೆ ಹೋದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಾರ್ ಬುಡು, ಕಬ್ಬಿಣ. ದಿನಾ ನನ್ ಕೈನ ನಾನೇ ನೋಡ್ಕಂಡು ಕುಂತಿರ್ತಿದ್ದೆ ಕಣೇ, ಏನಾಯ್ತು ಇದ್ಕೆ ಅಂತ" ಎಂದಳು.

ಹೊಸ ಟೈ ರಾಡ್ ಕೂತಿತು. ಅಲೈನ್‌ಮೆಂಟ್ ಆಯಿತು. ವಾಪಸ್ ಬರುವಾಗ ಅಕ್ಕನೇ ಡ್ರೈವರ್ ಸೀಟಿಗೆ ಹೋದಳು. ದಾರಿಯಲ್ಲಿ ನೀರು ನಿಂತ ಕಡೆಯೆಲ್ಲ ಕಾರು ನಿಲ್ಲಿಸಿ, "ಇಳಿದು ನೋಡ್ಕಂಡ್ ಬಾ, ಎಷ್ಟು ಆಳ ಐತೆ" ಎಂದು ನನ್ನನ್ನು ಇಳಿಸಿದಳು. ಮೊಣಕಾಲಿನವರೆಗೆ ಕೆಸರಾಯಿತು. ಅಕ್ಕನ ತುಟಿಯಲ್ಲಿ ಸಣ್ಣ ನಗು ಬಂತು. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಮನೆಯಲ್ಲಿ ಭಾವ ಕೇಳಿದರು, "ಏನಾಗಿತ್ತಂತೆ?"

"ಗುಂಡಿಗಿಳ್ದಿತ್ತಂತೆ" ಎಂದಳು ಅಕ್ಕ. ಯಾರು ಇಳಿಸಿದ್ದು ಅಂತ ಹೇಳಲಿಲ್ಲ.

"ನೋಡ್ದಾ! ಕೆರೆಯಷ್ಟು ಗುಂಡಿನೂ ಕಾಣಲ್ಲ ನಿನ್ಗೆ. ಸಾಕು ಬುಡು, ಇನ್ಮೇಲೆ ಕಾಯಿ ನಾನೇ ಹಾಕ್ ಬತ್ತೀನಿ."

"ಆಯ್ತು ಬುಡಿ" ಎಂದಳು ಅಕ್ಕ. ನಾನು ಕಾಫಿ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ.

ಹಿತ್ತಲಿಗೆ ಬಂದ ಮೇಲೆ ಕೇಳಿದೆ, "ಯಾಕಕ್ಕ ಹೇಳ್ಲಿಲ್ಲ?"

"ನಿನ್ ವ್ಯಾನಲ್ಲಿ ಜನ ಮಕ್ಳನ್ನ ಕಳಿಸ್ತಾರೆ. ಇವ್ರ ಕಿವಿಗೆ ಬಿದ್ರೆ ಸಂತೇಲಿ ತಮಟೆ ಹೊಡ್ದಂಗೆ. ನನ್ನ ಬೈದ್ರೆ ಮನೇಲೇ ಮುಗೀತದೆ."

ಅವಳ ಪಾಲಿಗೆ ಮುಗಿದದ್ದು ಏನು ಗೊತ್ತೇ? ಹೋಟೆಲಿನ ಬಾಗಿಲಲ್ಲಿ ತಾನೇ ಹೋಗಿ ನಿಲ್ಲುವ ಬೆಳಗು. ನನ್ನ ಹೆಸರು ಉಳಿಸಲು ಅವಳು ಕೊಟ್ಟದ್ದು ಅದನ್ನು.

ಹಾಗಾಗಿ ಇದನ್ನು ಬರೆದೆ. ಗಂಡಸು ಓಡಿಸುವ ಗಾಡಿ ಕೆಟ್ಟರೆ ರಸ್ತೆಗೆ ಬೈಯುತ್ತೇವೆ, ಹೆಂಗಸು ಓಡಿಸುವ ಗಾಡಿ ಕೆಟ್ಟರೆ ಹೆಂಗಸಿಗೇ ಬೈಯುತ್ತೇವೆ. ಅದು ಗೊತ್ತಿದ್ದೂ, ನಾನೂ ಹೆಂಗಸಾಗಿದ್ದೂ, ಅದನ್ನೇ ಬಳಸಿಕೊಂಡೆ. ಒಂದು ಮಾತು ಕಿವಿಯಲ್ಲಿಟ್ಟುಕೊಳ್ಳಿ. ಗುಂಡಿಗೆ ಇಳಿದ ಮೇಲೆ ಸ್ಟೀರಿಂಗ್ ವಾಲಿದರೆ, ಸಡಿಲ ಅನಿಸಿದರೆ, ಕೆಳಗೆ ಸದ್ದು ಬಂದರೆ ಗಾಡಿಯನ್ನು ಮುಂದೆ ಓಡಿಸಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಗುಂಡಿಗೆ ಇಳಿಸಿದ್ದನ್ನೂ ಹೇಳಿ. ನೀವು ಬಾಯಿ ಮುಚ್ಚಿಕೊಂಡರೆ ಅವನ ಪಾನಾ ಎಲ್ಲೆಲ್ಲೋ ತಡಕಾಡುತ್ತದೆ.

ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವ ತಾಯಂದಿರು, ತಂದೆಯರು ಇದನ್ನು ಓದುತ್ತಾರೆ. ಓದಲಿ. ಕೇಳಬೇಕಾದ್ದನ್ನು ನನ್ನನ್ನೇ ಕೇಳಲಿ, ಉತ್ತರ ಕೊಡುತ್ತೇನೆ. ಭಾವ ಈ ಪೇಪರನ್ನು ಮೂಲೆಯ ಜಾಹೀರಾತನ್ನೂ ಬಿಡದೆ ಓದುವವರು. ಅವರನ್ನು ಕೇಳುವುದು ಒಂದೇ ಇದೆ.

ಭಾವ, ಗುಂಡಿಗೆ ಇಳಿಸಿದವಳು ನಾಳೆ ಬೆಳಿಗ್ಗೆ ಊರ ಮಕ್ಕಳನ್ನೆಲ್ಲ ಕೂರಿಸಿಕೊಂಡು ವ್ಯಾನ್ ಓಡಿಸಬಹುದಾದರೆ, ಇಳಿಸದೇ ಇದ್ದವಳು ತನ್ನ ಕಾಯಿ ಹಾಕಿಕೊಂಡು ತನ್ನ ಕಾರು ಯಾಕೆ ಓಡಿಸಬಾರದು?